ಗಂಟು ಕಾಯುವವಳ ದನಿ

ಮೆಕ್ನೆಸ್
14 ನವೆಂಬರ್ 2023

ವಿಸಾಲ್,

ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಿನ್ನ ಚಿಕ್ಕಮ್ಮ ಚೆನ್ನಾಗಿಯೇ ಇದ್ದಾಳೆ, ನೀನು ಆಪರೇಷನ್ ಮಾಡಿಸಿದ ಮಂಡಿಯೂ ಚೆನ್ನಾಗಿದೆ. ಫೋನ್ ಮಾಡುವುದು ಬಿಟ್ಟು ಇದೇನು ಹಳೇ ಕಾಲದವರ ಹಾಗೆ ಎಂದು ನಗಬಹುದು. ನಗು. ಐವತ್ತು ದಾಟಿದವಳನ್ನು ಮಸೀದಿಯ ಹೆಂಗಸರ ತರಗತಿಗೆ ದೂಡಿಕೊಂಡು ಹೋಗಿ ಅಕ್ಷರ ಕಲಿಸಿದವಳು ನೀನೇ. ಈಗ ಈ ಕಾಗೆಕಾಲಿನ ಅಕ್ಷರ ಓದುವ ಕಷ್ಟವೂ ನಿನ್ನದೇ. ಫೋನಿನಲ್ಲಿ ಈ ಮಾತು ಆಡಲು ನನಗೆ ಮನಸ್ಸಿಲ್ಲ. ಅದರೊಳಗೆ ಯಾರು ಕೂತಿದ್ದಾರೆ ಎನ್ನುವುದೇ ನನ್ನ ಪ್ರಶ್ನೆ.

ಬಡಗಿ ಜವಾದನ ಹೆಂಡತಿ ಬತೂಲ್ ಗೊತ್ತಲ್ಲ, ನಿನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. ಅಕ್ಟೋಬರ್ ಮೊದಲ ಗುರುವಾರ ಸ್ನಾನಕ್ಕೆಂದು ನಮ್ಮ ಓಣಿಯ ಹಮಾಮಿಗೆ ಬಂದಳು. ಬಟ್ಟೆಗಂಟನ್ನು ನನ್ನ ಮುಂದಿಟ್ಟು, ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಆದರೆ ಒಲೆಯ ಪಕ್ಕದ ಬಿಸಿ ಕೋಣೆಯ ಕಡೆ ತಿರುಗಿಯೂ ನೋಡದೆ, ಬಾಗಿಲ ಹತ್ತಿರದ ತಣ್ಣನೆಯ ಕೋಣೆಯಲ್ಲೇ ಎರಡು ಚೊಂಬು ಸುರಿದುಕೊಂಡು ಬಂದುಬಿಟ್ಟಳು. ಮೂವತ್ತೊಂದು ವರ್ಷ ಹೆಂಗಸರ ಗಂಟು ಕಾಯುತ್ತಾ ಈ ಬಾಗಿಲಲ್ಲಿ ಕೂತವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕೇ?

“ಏನೇ, ಬೆಂಕಿ ಕಂಡ್ರೆ ಭಯ ಶುರುವಾಯ್ತಾ?” ಎಂದೆ ಮೆಲ್ಲಗೆ.

ಅವಳ ಮುಖ ಕೆಂಪಗಾಯಿತು. “ಹೂಂ ಚಿಕ್ಕಮ್ಮ. ಜವಾದ್‌ಗೂ ಹೇಳಿಲ್ಲ. ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಲ್ಲ. ನಿಮ್ಮ ದಮ್ಮಯ್ಯ, ಬಾಯಿ ಬಿಡಬೇಡಿ. ಕಣ್ಣು ಬೀಳುತ್ತೆ.”

“ನನ್ನ ಹತ್ರ ಇಟ್ಟ ಗಂಟು ನಾನು ಬಿಚ್ಚಿದ್ದು ಯಾವತ್ತಾದ್ರೂ ಕಂಡಿದ್ದೀಯಾ?” ಎಂದೆ.

ಅದೇ ತಿಂಗಳ ಕೊನೆಗೆ ಅವಳ ಅತ್ತೆ ಹಾಜ್ಜಾ ತಾಮೂಗೆ ಒಂದು ಫೋನ್ ಬಂತು. ಯಾರೋ ಹುಡುಗಿ, ಜೇನು ಸುರಿಯುವ ಮಾತು. “ಶುಭಾಶಯ ಅಮ್ಮ! ನಿಮ್ಮನೆಗೆ ಪುಟ್ಟ ಅತಿಥಿ ಬರ್ತಿದ್ದಾರಲ್ಲ, ತೊಟ್ಟಿಲು ಈಗಲೇ ಹೇಳಿಟ್ರೆ ಅರ್ಧ ಬೆಲೆ.” ತಾಮೂ ಸುಮ್ಮನಿರುವ ಜೀವವೇ? ಒಲೆಯ ಮೇಲಿದ್ದ ಸಾರು ಹಾಗೇ ಬಿಟ್ಟು ಓಣಿಗೆಲ್ಲ ಸಾರಿಬಂದಳು. ಬಾಣಂತಿಗೆ ಮಾಡುವ ಎಳ್ಳು ಬಾದಾಮಿಯ ಪುಡಿಗೆ ಅವತ್ತೇ ಹಿಟ್ಟು ಹುರಿದಳು. ಹಿಟ್ಟು ಹುರಿದ ವಾಸನೆ ಇಡೀ ಓಣಿಗೆ ಬಂತು. ಹತ್ತು ದಿನಕ್ಕೆ ಬತೂಲಳ ಮೂರನೆಯದೂ ಹೋಯಿತು.

ಹೋದ ಗುರುವಾರ ಅವಳು ಹಮಾಮಿಗೆ ಬಂದಳು. ಸ್ನಾನ ಮುಗಿಸಿ ಹೊರಡುವಾಗ ಗಂಟು ಕೊಟ್ಟೆ. ನಲವತ್ತು ಹೆಂಗಸರ ಮುಂದೆ ಅದನ್ನು ಬಿಚ್ಚಿ, ಒಂದೊಂದೇ ಬಟ್ಟೆ ಕೊಡವಿ, ಬಳೆ ಉಂಗುರ ಎಲ್ಲ ಎಣಿಸಿದಳು. ಎಣಿಸಿ ಮುಗಿದ ಮೇಲೆ, “ಬಟ್ಟೆ ಎಲ್ಲಾ ಇದೆ ಚಿಕ್ಕಮ್ಮ. ಹೋಗಿದ್ದು ಬೇರೆ” ಎಂದಳು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ನಾನು ಯಾರಿಗೂ ಹೇಳಿಲ್ಲ ವಿಸಾಲ್. ನಿನ್ನ ತಾಯಿಯ ಗೋರಿಯ ಮೇಲೆ ಆಣೆ. ಆದರೆ ಆ ಮನೆಯಲ್ಲಿ ಇನ್ನೊಬ್ಬಳು ಯಾಮ್ನಾ ಇದ್ದಾಳೆ. ನೀನು ಮಾಡಿದ ಆ ಆ್ಯಪ್. ನನ್ನ ಹೆಸರು, ನನ್ನ ಮುಖದ ಚಿತ್ರ, ನನ್ನ ದನಿ. ರಂಜಾನಿನಲ್ಲಿ ಮುಟ್ಟಾಗಿ ಬಿಟ್ಟ ಉಪವಾಸ ಎಷ್ಟು, ತೀರಿಸಿದ್ದು ಎಷ್ಟು ಎಂದು ಲೆಕ್ಕ ಇಡುತ್ತಾಳೆ. “ಮಗಳೇ, ನಿಂದು ಇನ್ನೂ ನಾಲ್ಕು ಬಾಕಿ” ಎಂದು ಎಚ್ಚರಿಸುತ್ತಾಳೆ. ಮುಟ್ಟಾಗಿ ಉಪವಾಸ ಆಗದ ದಿನ ‘ಇವತ್ತು ಆಗಲ್ಲ’ ಎಂಬ ಗುಂಡಿ ಒತ್ತಿದರೆ ಸುಮ್ಮನಾಗುತ್ತಾಳೆ. ಈ ಓಣಿಯ ಒಬ್ಬೊಬ್ಬಳ ಫೋನಿಗೂ ಅದನ್ನು ನಾನೇ ಹೇಳಿ ಹಾಕಿಸಿದ್ದೆ, ನನ್ನ ಹುಡುಗಿ ಮಾಡಿದ್ದು ಎಂದು ಎದೆಯುಬ್ಬಿಸಿ.

ಸುತ್ತಿ ಬಳಸಿ ಬೇಡ. ತೊಟ್ಟಿಲ ಅಂಗಡಿಯವರಿಗೆ ಹೇಗೆ ಗೊತ್ತಾಯಿತು?

ನಿನ್ನ ಚಿಕ್ಕಮ್ಮ,
ಯಾಮ್ನಾ

*

ಕಾಸಾಬ್ಲಾಂಕಾ
25 ನವೆಂಬರ್ 2023

ಪ್ರೀತಿಯ ಚಿಕ್ಕಮ್ಮ,

ನಿನ್ನ ಕೈಬರಹ ನೋಡಿ ಮೊದಲು ಖುಷಿಯಾಯಿತು, ಆಮೇಲೆ ಕಾಗದವನ್ನು ಎರಡು ಸಲ ಓದಿದೆ. ಬತೂಲಳಿಗೆ ಹೀಗಾಗಬಾರದಿತ್ತು. ದೇವರು ಅವಳಿಗೆ ತಾಳ್ಮೆ ಕೊಡಲಿ.

ಆದರೆ ಚಿಕ್ಕಮ್ಮ, ಅದಕ್ಕೂ ನಮ್ಮ ಆ್ಯಪಿಗೂ ಗಂಟು ಹಾಕಬೇಡ. ಇವತ್ತಿನ ಕಾಲದಲ್ಲಿ ಅಂಗಡಿಯವರಿಗೆ ನೂರು ದಾರಿ. ಅವಳು ಫೋನಿನಲ್ಲಿ ಏನಾದರೂ ಹುಡುಕಿರುತ್ತಾಳೆ, ಯಾವುದಾದರೂ ಕೂಸಿನ ಚಿತ್ರ ನೋಡಿರುತ್ತಾಳೆ. ಅವರು ಅಂದಾಜು ಮಾಡುತ್ತಾರೆ. ಒಂದೊಂದು ಸಲ ಗುರಿ ತಾಗುತ್ತದೆ, ಅಷ್ಟೇ. ನಮ್ಮಲ್ಲಿ ಯಾರ ಹೆಸರೂ ಇರುವುದಿಲ್ಲ. ಬತೂಲ್ ಎಂಬ ಹೆಸರನ್ನು ನಮ್ಮ ಕಂಪನಿಯಲ್ಲಿ ಯಾರೂ ಕೇಳಿಯೂ ಇಲ್ಲ. ಅವಳು ಒಂದು ನಂಬರು. ನಂಬರಿಗೆ ಮುಖ ಇಲ್ಲ, ಮನೆ ಇಲ್ಲ.

ಹೆಂಗಸರ ಜೊತೆ ಈ ಮಾತು ಹೆಚ್ಚು ಬೆಳೆಸಬೇಡ. ನಾಲ್ಕು ದಿನ ಸುಮ್ಮನಿದ್ದರೆ ಎಲ್ಲರೂ ಮರೆಯುತ್ತಾರೆ. ಬತೂಲಳ ಸಿಟ್ಟು ದುಃಖದ್ದು, ನಿನ್ನ ಮೇಲಿನದಲ್ಲ.

ಚಳಿ ಶುರುವಾಗಿದೆ, ಮಂಡಿಗೆ ಗಾಳಿ ತಾಗಿಸಬೇಡ. ಒಂದು ಉಣ್ಣೆಯ ಶಾಲು ಕಳಿಸಿದ್ದೇನೆ, ಜೊತೆಗೆ ಹೊಸ ಫೋನ್. ಹಳೆಯದು ಸರಿಯಿಲ್ಲ ಅನ್ನಿಸಿದರೆ ಇದರಲ್ಲಿ ಮಾತಾಡು. ನಿನ್ನ ದನಿ ಕೇಳದೆ ಹದಿನೈದು ದಿನವಾಯಿತು.

ನಿನ್ನ,
ವಿಸಾಲ್

*

ಮೆಕ್ನೆಸ್
6 ಡಿಸೆಂಬರ್ 2023

ವಿಸಾಲ್,

ಶಾಲು ಬಂತು, ಫೋನೂ ಬಂತು. ಶಾಲನ್ನು ಇಟ್ಟುಕೊಂಡೆ, ಚಳಿ ಯಾರ ಮೇಲೂ ಸಿಟ್ಟು ಮಾಡುವುದಿಲ್ಲ. ಫೋನನ್ನು ಡಬ್ಬಿ ಒಡೆಯದೆ ವಾಪಸು ಕಳಿಸಿದ್ದೇನೆ.

ಬತೂಲಳ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ. ಒಳಗೆ ಅವಳ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಅಲ್ಲಿಂದ ನೇರ ಫೋನ್ ರಿಪೇರಿ ಅಂಗಡಿಗೆ ಹೋದೆ. ಇದ್ರಿಸ್ ಇದ್ದಾನಲ್ಲ, ನಿನ್ನ ಜೊತೆ ಓದಿದವನು, ನಿನಗೆ ಲೆಕ್ಕದಲ್ಲಿ ಒಂದು ಸಲವೂ ಹತ್ತಿರ ಬರಲಾಗದವನು. ನನ್ನ ಹಳೇ ಫೋನನ್ನು ಅವನ ಮುಂದಿಟ್ಟು, “ಇದರಲ್ಲಿ ನನ್ನ ಹೆಸರಿಟ್ಟುಕೊಂಡು ಕೂತಿದ್ದಾಳಲ್ಲ, ಅವಳು ಏನೇನು ನೋಡ್ತಾಳೆ ಅಂತ ತೋರಿಸಪ್ಪ” ಎಂದೆ.

ಅವನು ಏನೇನೋ ಒತ್ತಿದ. ಒತ್ತುತ್ತಾ ಒತ್ತುತ್ತಾ ಅವನ ಮುಖ ಸಣ್ಣಗಾಯಿತು. “ಲಲ್ಲಾ ಯಾಮ್ನಾ, ಇದಕ್ಕೆ ಉಪವಾಸ ಎಣಿಸೋಕೆ ಇಷ್ಟೆಲ್ಲಾ ಯಾಕೆ ಬೇಕು? ನೀವು ಎಲ್ಲಿಗೆ ಹೋಗ್ತೀರಾ, ಎಷ್ಟೊತ್ತು ಇರ್ತೀರಾ, ಇದೇ ಫೋನಲ್ಲಿ ಬೇರೆ ಏನು ಓದ್ತೀರಾ, ನಿಮ್ಮನೇಲಿ ಇನ್ಯಾರ್ಯಾರ ಫೋನ್ ಇದೆ, ಎಲ್ಲಾ ಹೊತ್ಕೊಂಡು ಹೋಗ್ತಿದೆಯಲ್ಲ.”

“ಎಲ್ಲಿಗೆ?”

“ಹದಿನೇಳು ಕಡೆ. ಹೆಸರು ನೋಡಿದ್ರೆ ಒಂದೂ ಮೊರಾಕೊದ್ದಲ್ಲ.”

ಬತೂಲಳ ಮನೆಯ ಇಂಟರ್ನೆಟ್ ಹಾಜ್ಜಾ ತಾಮೂ ಹೆಸರಿನಲ್ಲಿದೆ. ಆದ್ದರಿಂದಲೇ ಫೋನು ಸೊಸೆಗೆ ಬಾರದೆ ಅತ್ತೆಗೆ ಬಂತು ಎಂದು ಇದ್ರಿಸ್ ಬಿಡಿಸಿ ಹೇಳಿದ. ನನಗೆ ಅರ್ಥವಾಗಲು ಎರಡು ಲೋಟ ಪುದೀನ ಚಹಾ ಬೇಕಾಯಿತು, ಆದರೆ ಅರ್ಥವಾಯಿತು.

ಆಮೇಲೆ ಹಮಾಮಿನಲ್ಲಿ ನಾನು ಸುಮ್ಮನೆ ಒಂದು ಮಾತು ಬಿಟ್ಟೆ, ನಿಮ್ಮ ನಿಮ್ಮ ಫೋನಿನಲ್ಲಿ ಏನು ಜಾಹೀರಾತು ಬರುತ್ತದೆ ಹೇಳಿ ಎಂದು. ಮೊದಲು ನಗೆಯೋ ನಗೆ. ರೊಟ್ಟಿ ಸುಡುವ ಫತ್ತೂಮಾ, “ನನಗೆ ದಿನಾ ತೆಳ್ಳಗಾಗೋ ಮಾತ್ರೆ ತೋರಿಸ್ತಾರೆ, ಎಮ್ಮೆ ಅಂತ ಅವ್ರಿಗೆ ಯಾರು ಹೇಳಿದ್ರೋ” ಎಂದಳು. ಅವಳ ಬೆನ್ನು ಉಜ್ಜುತ್ತಿದ್ದವಳು, “ಹಮಾಮಿನ ತಕ್ಕಡಿ ಹೇಳಿರಬೇಕು” ಎಂದು ಕೈಗವಸಿನಿಂದ ಒಂದು ಬಾರಿಸಿದಳು. ಇನ್ನೊಬ್ಬಳಿಗೆ ಕೂದಲು ಉದುರುವುದಕ್ಕೆ ಎಣ್ಣೆ. ಮತ್ತೊಬ್ಬಳಿಗೆ ಒಡವೆ ಮೇಲೆ ಸಾಲ. ಆಮೇಲೆ ದರ್ಜಿಯ ಮಗಳು ಘೀತಾ, ಇನ್ನೂ ಹತ್ತೊಂಬತ್ತು ವರ್ಷ, ಮದುವೆಯಾಗದವಳು, ತನ್ನ ಸರದಿ ಬರುವ ಮೊದಲೇ ಎದ್ದು ಹೋದಳು. ಅವಳ ಬಕೆಟ್ ಅಲ್ಲೇ ಉಳಿಯಿತು. ಯಾರೂ ಮತ್ತೆ ನಗಲಿಲ್ಲ.

ನಂಬರಿಗೆ ಮುಖ ಇಲ್ಲ ಎಂದು ಬರೆದಿದ್ದೀಯ. ನಿನಗೆ ಮರೆತುಹೋಗಿದೆ, ನೆನಪು ಮಾಡುತ್ತೇನೆ. ಸ್ಕೂಲು ಬಿಟ್ಟ ಮೇಲೆ ನನ್ನ ಪಕ್ಕದಲ್ಲೇ ಕೂತು ಬೆಳೆದವಳು ನೀನು. ನನ್ನ ಹತ್ತಿರವೂ ಯಾರೂ ಹೆಸರು ಬರೆಸುವುದಿಲ್ಲ. ಚೀಟಿ ಇಲ್ಲ, ನಂಬರಿನ ಬಿಲ್ಲೆ ಇಲ್ಲ. ಬರೀ ಗಂಟುಗಳು. ಆದರೂ ಯಾವ ಗಂಟು ಯಾರದೆಂದು ನಾನು ಒಂದು ಸಲವೂ ತಪ್ಪಿಲ್ಲ. ಒಬ್ಬಳು ಎಡಗೈಯಿಂದ ಕಟ್ಟುತ್ತಾಳೆ, ಒಬ್ಬಳು ತುದಿಯನ್ನು ಒಳಗೆ ತುರುಕುತ್ತಾಳೆ, ಗಂಡನ ಜೊತೆ ಜಗಳವಾಡಿ ಬಂದವಳು ಬಿಗಿದು ಕಟ್ಟಿರುತ್ತಾಳೆ. ಹೆಸರಿಲ್ಲದಿದ್ದರೆ ಗೊತ್ತಾಗುವುದಿಲ್ಲ ಎಂದು ಬೇರೆ ಯಾರಿಗಾದರೂ ಹೇಳು. ಆ ಪಾಠ ನಿನಗೆ ಕಲಿಸಿದವಳಿಗೆ ಹೇಳಬೇಡ.

ಮತ್ತೆ ಕೇಳುತ್ತೇನೆ. ನನ್ನ ಹೆಸರಿನಲ್ಲಿ ಕೂತವಳು ಬತೂಲಳ ಗಂಟು ಬಿಚ್ಚಿದಳೋ ಇಲ್ಲವೋ?

ಯಾಮ್ನಾ ಚಿಕ್ಕಮ್ಮ

*

ಕಾಸಾಬ್ಲಾಂಕಾ
20 ಡಿಸೆಂಬರ್ 2023

ಚಿಕ್ಕಮ್ಮ,

ಬಿಚ್ಚಿದಳು.

ಈ ಒಂದು ಮಾತು ಬರೆಯಲು ಹತ್ತು ದಿನ ಹಿಡಿಯಿತು. ನಾಲ್ಕು ಕಾಗದ ಹರಿದೆ. ಹರಿದ ನಾಲ್ಕರಲ್ಲೂ ನಾನು ಬಹಳ ಒಳ್ಳೆಯವಳಾಗಿದ್ದೆ. ಇದನ್ನು ಹಾಗೆ ಬರೆಯುವುದಿಲ್ಲ.

ಆ್ಯಪ್ ಬಿಟ್ಟಿಯಾಗಿ ಸಿಗುತ್ತದೆ. ಬಿಟ್ಟಿ ಕೊಟ್ಟರೆ ಅರವತ್ತು ಜನರ ಸಂಬಳ ಎಲ್ಲಿಂದ ಬರಬೇಕು? ಹೆಂಗಸರ ಬಗ್ಗೆ ಗೊತ್ತಾದದ್ದನ್ನು ಪಟ್ಟಿ ಮಾಡಿ ಮಾರುತ್ತೇವೆ. ಕೊಂಡವರು ಇನ್ನೊಬ್ಬರಿಗೆ ಮಾರುತ್ತಾರೆ. ತೆಳ್ಳಗಾಗಬೇಕಾದವರ ಪಟ್ಟಿ ಅಗ್ಗ. ಸಾಲ ಬೇಕಾದವರದು ಸ್ವಲ್ಪ ಹೆಚ್ಚು. ಎಲ್ಲಕ್ಕಿಂತ ದುಬಾರಿ, ಹೊಸದಾಗಿ ಬಸಿರಾದವರ ಪಟ್ಟಿ. ಒಂದು ಕೂಸು ಹುಟ್ಟುವ ಮನೆಯಲ್ಲಿ ಎರಡು ವರ್ಷ ಏನು ಕೊಂಡರೂ ಯಾರೂ ಬೆಲೆ ಕೇಳುವುದಿಲ್ಲ, ಅದಕ್ಕೆ. ಹೆಸರಿಲ್ಲದಿದ್ದರೂ ಅವಳ ನಂಬರನ್ನು ಹುಡುಕಿ ನೋಡಿದೆ. ಬತೂಲ್ ಸೆಪ್ಟೆಂಬರಿನಿಂದ ಒಂದು ದಿನವೂ ‘ಇವತ್ತು ಆಗಲ್ಲ’ ಗುಂಡಿ ಒತ್ತಲಿಲ್ಲ, ಅಂದರೆ ಮುಟ್ಟಾಗಲಿಲ್ಲ. ಅದೇ ಫೋನಿನಲ್ಲಿ, ಬಸುರಿಯರು ದಾಲ್ಚಿನ್ನಿ ತಿನ್ನಬಹುದೇ ಎಂದು ಓದಿದಳು. ಅಷ್ಟು ಸಾಕಾಯಿತು.

ಇನ್ನೂ ಇದೆ. ಇದನ್ನು ಬಿಟ್ಟು ಕಾಗದ ಮುಗಿಸಬಹುದಿತ್ತು, ನಿನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಉಪವಾಸದ ಲೆಕ್ಕದ ಯೋಚನೆ ನನ್ನದು. ಕಂಪನಿಯಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಹೆಂಗಸರು ಆ್ಯಪಿನಲ್ಲಿ ಮುಟ್ಟಿನ ಸುಳ್ಳು ತಾರೀಖು ಹಾಕುತ್ತಾರೆ, ಅರ್ಧಕ್ಕೆ ಬಿಡುತ್ತಾರೆ, ಪಟ್ಟಿ ಕೆಡುತ್ತದೆ ಎಂದು. ಆಗ ನಾನು ಎದ್ದು ನಿಂತು ಹೇಳಿದೆ, “ನಮ್ಮ ಹೆಂಗಸರು ಡಾಕ್ಟರಿಗೆ ಸುಳ್ಳು ಹೇಳ್ತಾರೆ, ಗಂಡನಿಗೆ ಹೇಳ್ತಾರೆ, ಅತ್ತೆಗಂತೂ ಬಿಡಿ. ಬಿಟ್ಟ ಉಪವಾಸದ ಲೆಕ್ಕದಲ್ಲಿ ಮಾತ್ರ ಹೇಳಲ್ಲ. ಅದು ದೇವರ ಜೊತೆಗಿನ ಲೆಕ್ಕ.” ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮಾತು ನನಗೆ ಎಲ್ಲಿಂದ ಬಂತು ಚಿಕ್ಕಮ್ಮ? ನಿನ್ನ ಬಾಗಿಲಲ್ಲಿ ಕೂತು ಹತ್ತು ವರ್ಷ ಕೇಳಿಸಿಕೊಂಡಿದ್ದೆ. ರಂಜಾನ್ ಹತ್ತಿರ ಬಂದಾಗ ಹೆಂಗಸರು ನಿನ್ನ ಕಿವಿಯಲ್ಲಿ ತಮ್ಮ ಬಾಕಿ ದಿನ ಹೇಳಿ, “ನೆನಪಿಟ್ಕೊಳ್ಳಿ ಚಿಕ್ಕಮ್ಮ, ನಾನು ಮರೀತೀನಿ” ಎನ್ನುತ್ತಿದ್ದರಲ್ಲ. ನೀನು ಒಬ್ಬೊಬ್ಬರದೂ ನೆನಪಿಟ್ಟು ಎಚ್ಚರಿಸುತ್ತಿದ್ದೆಯಲ್ಲ. ನಾನು ಅದನ್ನೇ ಮಾರಿದೆ.

ಆ ಯೋಚನೆಗೆ ನನಗೆ ಒಂದು ದೊಡ್ಡ ಬಹುಮಾನ ಕೊಟ್ಟರು. ನಿನ್ನ ಮಂಡಿಯ ಆಪರೇಷನ್ ಅದರಲ್ಲೇ ಆಯಿತು.

ಒಂದೇ ಬೇಡಿಕೆ. ಇದನ್ನು ಹೆಂಗಸರಿಗೆ ಹೇಳಬೇಡ. ನಿನ್ನ ದನಿ ಬಳಸಲು ನೀನು ಹೆಬ್ಬೆಟ್ಟು ಒತ್ತಿದ ಒಪ್ಪಂದ ಇದೆ, ಅದರಲ್ಲಿ ಕಂಪನಿಯ ಹೆಸರು ಕೆಡಿಸಬಾರದು ಎಂದಿದೆ. ನಿನಗೆ ಕಷ್ಟ ಬರುವುದು ಬೇಡ.

ವಿಸಾಲ್

*

ಮೆಕ್ನೆಸ್
19 ಜನವರಿ 2024

ವಿಸಾಲ್,

ಒಂದು ತಿಂಗಳು ನಿನಗೆ ಬರೆಯಲಿಲ್ಲ. ಬರೆಯಲು ಕೂತರೆ ಮಂಡಿ ಕಾಣುತ್ತಿತ್ತು. ನಾನು ಅದರ ಮೇಲೆ ನಡೆದುಕೊಂಡು ರೊಟ್ಟಿ ತರಬೇಕು, ನಮಾಜಿಗೆ ಬಗ್ಗಬೇಕು, ಹಮಾಮಿಗೆ ಹೋಗಬೇಕು. ನೋವಿದ್ದ ಕಾಲೇ ನನ್ನದಾಗಿತ್ತು. ಇದು ಯಾರ ಯಾರದ್ದೋ.

ಹೆಬ್ಬೆಟ್ಟಿನ ಮಾತು ಎತ್ತಿದ್ದೀಯ. ಅವತ್ತು ಇದೇ ಅಡುಗೆಮನೆಯಲ್ಲಿ ಕೂತು ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ಚಿಕ್ಕಮ್ಮ, ಇದು ನಿನ್ನ ದನಿ ರೆಕಾರ್ಡ್ ಮಾಡೋಕೆ ಒಪ್ಪಿಗೆ, ಅಷ್ಟೇ.” ನಾನು ಆಗಲೇ ಓದಲು ಕಲಿತಿದ್ದೆ. ಸಹಿಯನ್ನೂ ಮಾಡುತ್ತಿದ್ದೆ. ಇಪ್ಪತ್ತು ಹಾಳೆ ಓದಿದರೆ ಹುಡುಗಿಯನ್ನು ಅನುಮಾನಿಸಿದ ಹಾಗಾಗುತ್ತದೆ ಎಂದು ಓದಲಿಲ್ಲ. ನೀನು ಶಾಯಿ ಡಬ್ಬಿ ಮುಂದಿಟ್ಟೆ, ನಾನು ಬೆರಳು ಒತ್ತಿದೆ. ಸಾಕಿದ ಮಗಳು ಕೊಟ್ಟ ಕಾಗದವನ್ನು ಯಾವ ತಾಯಿ ಓದುತ್ತಾಳೆ?

ನಿನ್ನೆಯದು ಕೇಳು. ಗುರುವಾರ, ಜನ ಕಿಕ್ಕಿರಿದಿದ್ದರು. ಬತೂಲ್ ಎರಡು ತಿಂಗಳ ಮೇಲೆ ಬಂದಿದ್ದಳು. ನನ್ನನ್ನು ನೋಡಲಿಲ್ಲ. ಗಂಟನ್ನು ನನಗೆ ಕೊಡದೆ ಫತ್ತೂಮಾಳ ತೊಡೆಯ ಮೇಲಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಗಂಟಿನೊಳಗಿಂದ ಒಂದು ದನಿ ಬಂತು. ನನ್ನ ದನಿ.

“ಮಗಳೇ, ಶುಭವಾಗಲಿ. ಐದನೇ ತಿಂಗಳಿಗೆ ಕಾಲಿಟ್ಟೆ. ಈಗ ನಿನ್ನ ಕೂಸಿಗೆ ನಿನ್ನ ಮಾತು ಕೇಳಿಸುತ್ತೆ. ಅದರ ಜೊತೆ ಮಾತಾಡು.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಬಾಯಿ ಮುಚ್ಚಿದ್ದರೂ ನನ್ನ ದನಿ ಮಾತಾಡುತ್ತಿತ್ತು. ಬತೂಲ್ ಒದ್ದೆ ಮೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು, ಸೊಂಟಕ್ಕೆ ಬರೀ ಒಂದು ಟವೆಲು. ಅವಳು ಅಳಲಿಲ್ಲ. “ಸಾಕು ಮಾಡಿ ಚಿಕ್ಕಮ್ಮ” ಎಂದಳು, ನಾನೇ ಹೇಳಿದೆನೇನೋ ಎಂಬಂತೆ.

ನಾನು ಆ ಮಾತು ಯಾವತ್ತು ಹೇಳಿದ್ದೆ? ನೀನು ಒಂದರಿಂದ ಮೂವತ್ತರವರೆಗೆ ಎಣಿಸು ಎಂದೆ, ನಾನು ಎಣಿಸಿದೆ. ತಿಂಗಳ ಹೆಸರು ಹೇಳು ಎಂದೆ, ಹೇಳಿದೆ. ನನ್ನ ಅಮ್ಮನ ಕತೆ ಹೇಳು ಚಿಕ್ಕಮ್ಮ, ನೀನು ಮಾತಾಡ್ತಾ ಇರು ಸಾಕು ಎಂದೆ. ನಾನು ಅಳುತ್ತಾ ನಗುತ್ತಾ ಎರಡು ದಿನ ನನ್ನ ಸತ್ತ ಅಕ್ಕನ ಕತೆ ಹೇಳಿದೆ. ಅದನ್ನೆಲ್ಲ ಕತ್ತರಿಸಿ ಹೊಲಿದು ಇದನ್ನು ಮಾಡಿಕೊಂಡಿರಾ? ‘ಕೂಸು’ ಎಂಬ ಮಾತು ನಿನ್ನ ಬಗ್ಗೆ ಹೇಳಿದ್ದು. ನಿನ್ನನ್ನು ನನ್ನ ಕೈಗಿಟ್ಟು ನಿನ್ನ ತಾಯಿ ಕಣ್ಣು ಮುಚ್ಚಿದ ದಿನದ ಮಾತು.

ಸಿಟ್ಟು ಎನ್ನುವ ಮಾತು ಇದಕ್ಕೆ ಸಾಲದು. ನನಗೆ ಮೋಸವಾಗಿದೆ, ಅದೂ ಮನೆಯೊಳಗಿಂದ. ಕಳ್ಳ ಬಂದಿದ್ದರೆ ಕೂಗಿಕೊಳ್ಳುತ್ತಿದ್ದೆ. ನಿನ್ನ ಹೆಸರು ಹಿಡಿದು ಕೂಗಲು ಬಾಯಿ ಬರುವುದಿಲ್ಲ.

ನಿನ್ನೆಯೇ ಹೆಂಗಸರಿಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಒಪ್ಪಂದಕ್ಕೆ ಹೆದರಿ ಅಲ್ಲ. ಅದು ನಾನು ಹೇಳುವ ಮಾತಲ್ಲ. ಎರಡು ಕೆಲಸ ನಿನ್ನದು. ನನ್ನ ದನಿಯನ್ನು ಅಲ್ಲಿಂದ ತೆಗೆಸು. ರಂಜಾನಿಗೆ ಮೊದಲು ಇಲ್ಲಿಗೆ ಬಂದು, ಈ ಹೆಂಗಸರ ಎದುರು ನಿಂತು, ಏನು ಮಾಡಿದೆ ಎಂದು ನಿನ್ನ ಬಾಯಿಂದ ಹೇಳು. ಬತೂಲಳಿಗೆ ನಾನೇ ಹೇಳಿ ಕಳಿಸುತ್ತೇನೆ. ಅವಳು ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಯಾಮ್ನಾ

*

ಕಾಸಾಬ್ಲಾಂಕಾ
9 ಫೆಬ್ರವರಿ 2024

ಚಿಕ್ಕಮ್ಮ,

ಮ್ಯಾನೇಜರ್ ಕಮಾಲ್ ಹತ್ತಿರ ಮೂರು ಸಲ ಹೋದೆ. ಮೊದಲ ಸಲ ನಕ್ಕರು. ಎರಡನೇ ಸಲ ಒಪ್ಪಂದ ತೆಗೆದು ತೋರಿಸಿದರು. ದನಿ ಕಂಪನಿಯದು, ನೀನು ಸತ್ತ ಮೇಲೂ ಕಂಪನಿಯದು. ಆ ಸಾಲನ್ನು ನಾನು ಮೊದಲ ಸಲ ಓದಿದ್ದು ಅವತ್ತು. ಇಪ್ಪತ್ತು ಹಾಳೆಯನ್ನು ಓದಲಿಲ್ಲ ಎಂದೆಯಲ್ಲ, ನಾನೂ ಪೂರ್ತಿ ಓದಿರಲಿಲ್ಲ. ಇದು ಸಮಾಧಾನದ ಮಾತಲ್ಲ, ಗೊತ್ತು.

ಮೂರನೇ ಸಲ ಅವರು ಬಹಳ ಪ್ರೀತಿಯಿಂದ ಕೂರಿಸಿ ಚಹಾ ತರಿಸಿದರು. “ನೋಡಮ್ಮ ವಿಸಾಲ್, ನಿನ್ನ ಚಿಕ್ಕಮ್ಮನ ದನೀಲಿ ಏನೋ ಇದೆ. ಕೇಳಿದೋರು ಎದೆ ಬಿಚ್ಚಿ ಮಾತಾಡ್ತಾರೆ. ಅದಕ್ಕೆ ಈಜಿಪ್ಟಿನ ಮಾತು ಕಲಿಸ್ತಿದ್ದೀವಿ, ಟರ್ಕಿದೂ ಕಲಿಸ್ತೀವಿ. ಆ ಕೆಲಸಕ್ಕೆ ನಿನ್ನನ್ನೇ ಮುಖ್ಯಸ್ಥೆ ಮಾಡೋಣ ಅಂತಿದ್ದೀನಿ” ಎಂದರು. ಬಸಿರು ಹೋದವರಿಗೆ ಆ ಮಾತು ಕೇಳಿಸುವುದನ್ನಾದರೂ ನಿಲ್ಲಿಸಿ ಎಂದೆ. “ಅದನ್ನೂ ಮಾಡೋಣ. ಹೋಯ್ತು ಅಂತ ಒತ್ತೋಕೆ ಇನ್ನೊಂದು ಗುಂಡಿ ಇಡೋಣ” ಎಂದರು. ಎದುರಿಗೆ ಕೂತಿದ್ದ ಹುಡುಗ ತಕ್ಷಣ ಬರೆದುಕೊಂಡ. ಅವರು ಯಾಕೆ ಅಷ್ಟು ಬೇಗ ಒಪ್ಪಿದರು ಎಂದು ಲಿಫ್ಟಿನಲ್ಲಿ ಇಳಿಯುವಾಗ ಹೊಳೆಯಿತು. ಹಾಗೆ ಕಳೆದುಕೊಂಡವರದ್ದೂ ಒಂದು ಪಟ್ಟಿಯಾಗುತ್ತದೆ. ಅದನ್ನು ಕೊಳ್ಳುವವರೂ ಇದ್ದಾರೆ.

ನಾನು ಕೆಲಸ ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದರೆ ನೀನು ನನ್ನನ್ನು ಅರ್ಧ ಕ್ಷಮಿಸುತ್ತೀಯ, ಅದಕ್ಕೇ ನಿಜ ಬರೆಯುತ್ತಿದ್ದೇನೆ. ಮನೆಯ ಸಾಲ ಇದೆ. ಹೆದರಿಕೆ ಇದೆ. ಬೇರೆ ಕಡೆ ಹೋದರೂ ಮಾಡುವುದು ಇದೇ ಕೆಲಸವನ್ನು.

ಆದರೆ ಬರುತ್ತೇನೆ. ಮಾರ್ಚ್ ಒಂದು, ಶುಕ್ರವಾರ, ಮಧ್ಯಾಹ್ನದ ನಮಾಜಿನ ಮೇಲೆ. ಅವರ ಎದುರು ಹೇಗೆ ನಿಲ್ಲಬೇಕು ಎಂದು ಗೊತ್ತಾಗುತ್ತಿಲ್ಲ. ಒಬ್ಬೊಬ್ಬರೂ ನನ್ನ ತಲೆಗೆ ನೀರು ಸುರಿದವರು.

ವಿಸಾಲ್

*

ಮೆಕ್ನೆಸ್
10 ಮಾರ್ಚ್ 2024

ವಿಸಾಲ್,

ನೀನು ಬಂದು ಹೋಗಿ ಒಂಬತ್ತು ದಿನವಾಯಿತು. ನಾಡಿದ್ದು ಮೊದಲ ಉಪವಾಸ ಇರಬೇಕು, ಚಂದ್ರ ಕಂಡರೆ. ಅದಕ್ಕೆ ಮೊದಲು ಇದನ್ನು ಮುಗಿಸುತ್ತೇನೆ.

ನೀನು ಚೆನ್ನಾಗಿ ಮಾತಾಡಿದೆ. ತಲೆ ತಗ್ಗಿಸಲಿಲ್ಲ, ಅತ್ತು ಕರೆದು ಕರುಣೆ ಕೇಳಲಿಲ್ಲ. ಕಂಪನಿ ಮಾಡಿತು ಎನ್ನದೆ ನಾನು ಮಾಡಿದೆ ಎಂದೆ. ಐವತ್ತು ಹೆಂಗಸರು ಒದ್ದೆ ಕೂದಲು ಬಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತು ಕೇಳಿದರು. ದರ್ಜಿಯ ಮಗಳು ಘೀತಾ ಮೂಲೆಯಲ್ಲಿ ಮುಸುಕು ಕಚ್ಚಿಕೊಂಡು ನಿಂತಿದ್ದಳು. ಹಾಜ್ಜಾ ತಾಮೂ ಕೂಡ ಬಂದಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳು ಬಾಯಿ ತೆರೆಯದೆ ಕೂತದ್ದನ್ನು ಕಂಡೆ.

ಫತ್ತೂಮಾ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು, “ನನ್ನ ಮದುವೆ ದಿನ ನೀನು ನನ್ನ ಸೆರಗು ಹಿಡ್ಕೊಂಡು ಬಂದಿದ್ದೆಯಲ್ಲೇ, ಇಷ್ಟುದ್ದ ಇದ್ದೆ” ಎಂದಷ್ಟೇ ಹೇಳಿ ಕೈ ತೋರಿಸಿದಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಆಮೇಲೆ ಬತೂಲ್ ಎದ್ದಳು. ಬರುವುದಿಲ್ಲ ಎಂದು ಹೇಳಿ ಕಳಿಸಿದ್ದವಳು ಬಂದಿದ್ದಳು. “ಒಂದೇ ಒಂದು ಕೇಳ್ತೀನಿ ವಿಸಾಲ್. ನನ್ನ ಮಗು ಎಷ್ಟಕ್ಕೆ ಹೋಯ್ತು?”

ನಿನಗೆ ಗೊತ್ತಿಲ್ಲ ಎಂದಿದ್ದರೆ ನಾವೆಲ್ಲ ನಂಬುತ್ತಿದ್ದೆವು. ನೀನು ಸುಳ್ಳು ಹೇಳಲಿಲ್ಲ. “ನಾಲ್ಕು ದಿರ್ಹಮ್” ಎಂದೆ. “ಮಾರಿದ ಪ್ರತಿ ಸಲ ನಾಲ್ಕು.”

ಬತೂಲ್ ರೊಟ್ಟಿ ಸುಡುವ ಫತ್ತೂಮಾಳ ಕಡೆ ನೋಡಿ, “ಮೂರು ರೊಟ್ಟಿ” ಎಂದಳು. ಮುಸುಕು ಹೊದ್ದುಕೊಂಡು ಹೊರಟಳು. ಬಾಗಿಲಲ್ಲಿ ನನ್ನ ಹತ್ತಿರ ಬಂದಾಗ ನಿಂತು, ಬಗ್ಗಿ, ನನ್ನ ತಲೆಗೆ ಮುತ್ತಿಟ್ಟಳು. “ನಾನು ಅವತ್ತು ಬಟ್ಟೆ ಎಣಿಸಬಾರದಾಗಿತ್ತು” ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ನನಗೆ ಬೇಕಾಗಿದ್ದು ಅಷ್ಟೇ ಎಂದು ಆಗ ಅಂದುಕೊಂಡೆ.

ಹೆಂಗಸರೆಲ್ಲ ಚದುರಿದ ಮೇಲೆ ನೀನು ಬಟ್ಟೆಗಂಟು ಕಟ್ಟಿ ನನ್ನ ಮುಂದಿಟ್ಟೆ. ಸ್ನಾನ ಮಾಡಿ ಹೋಗುತ್ತೇನೆ ಎಂದೆ. ಈಗಲೂ ಬಲಗಡೆಯ ತುದಿಯನ್ನು ಎರಡು ಸಲ ಸುತ್ತಿ ಕಟ್ಟುತ್ತೀಯ, ನಾನು ಕಲಿಸಿದ ಹಾಗೆಯೇ. ನಾನು ಅದನ್ನು ಮುಟ್ಟಲಿಲ್ಲ. “ನಿನ್ನದು ನೀನೇ ಇಟ್ಕೋ” ಎಂದೆ. ಮೂವತ್ತೊಂದು ವರ್ಷದಲ್ಲಿ ನಾನು ಬೇಡವೆಂದ ಮೊದಲ ಗಂಟು ಅದು. ನೀನು ಅದನ್ನು ಕಂಕುಳಲ್ಲಿ ಹಿಡಿದು, ಸ್ನಾನ ಮಾಡದೆ ಹೊರಟುಹೋದೆ. ಬೀದಿಯ ತಿರುವಿನವರೆಗೂ ನಿನ್ನ ಬೆನ್ನು ನೋಡುತ್ತಿದ್ದೆ. ಕರೆಯಬೇಕು ಎನಿಸಿತು, ಕರೆಯಲಿಲ್ಲ.

ಇಲ್ಲಿಯವರೆಗೆ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಹೇಳಲು ಈ ಕಾಗದ ಬರೆಯುತ್ತಿದ್ದೇನೆ.

ಓಣಿಯವರೆಲ್ಲ ಆ ಆ್ಯಪನ್ನು ತೆಗೆಸಿದರು. ಇದ್ರಿಸ್ ಒಂದು ಬೆಳಗ್ಗೆಯೆಲ್ಲ ಹಮಾಮಿನ ಹೊರಗೆ ಸ್ಟೂಲು ಹಾಕಿಕೊಂಡು ಕೂತು ತೆಗೆದುಕೊಟ್ಟ. ಮೊನ್ನೆ ಗುರುವಾರ ಬತೂಲ್ ಬಂದಳು. ಮೊದಲಿನ ಹಾಗೆ ಗಂಟನ್ನು ನನ್ನ ಮುಂದಿಟ್ಟಳು. ನನಗೆ ಆದ ಸಂತೋಷಕ್ಕೆ ಎಚ್ಚರ ತಪ್ಪಿ, ಯಾವಾಗಲೂ ಹೇಳುವ ಹಾಗೆಯೇ ಹೇಳಿದೆ, “ಆರಾಮಾಗಿ ಸ್ನಾನ ಮಾಡ್ಕೊಂಡು ಬಾ ಮಗಳೇ.”

ಅವಳ ಕೈ ಗಂಟಿನ ಮೇಲೆ ಹಾಗೇ ನಿಂತುಬಿಟ್ಟಿತು. ಇನ್ನೊಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ. ಅವಳು ನನ್ನ ತಲೆಗೆ ಮುತ್ತಿಟ್ಟವಳು. ಆದರೂ ನನ್ನ ದನಿಯಲ್ಲಿ ‘ಮಗಳೇ’ ಎಂದು ಕೇಳಿದರೆ ಅವಳಿಗೆ ಅವತ್ತು ಗಂಟಿನೊಳಗಿಂದ ಬಂದ ಮಾತೇ ಕೇಳಿಸುತ್ತದೆ. ಆಮೇಲೆ ಗಮನಿಸಿದೆ, ಘೀತಾಳೂ ಹಾಗೆಯೇ. ನಾನು ಬಾಯಿ ತೆರೆದರೆ ಒಬ್ಬೊಬ್ಬಳೂ ತನ್ನ ಫೋನ್ ಎಲ್ಲಿದೆ ಎಂದು ತಡಕುತ್ತಾಳೆ.

ಹಾಗಾಗಿ ಬಾಗಿಲಲ್ಲಿ ಮಾತಾಡುವುದನ್ನು ಬಿಟ್ಟಿದ್ದೇನೆ. ಗಂಟು ತೆಗೆದುಕೊಳ್ಳುತ್ತೇನೆ, ತಲೆ ಆಡಿಸುತ್ತೇನೆ, ಗಂಟು ಕೊಡುತ್ತೇನೆ. ಬಾಕಿ ಉಪವಾಸ ಎಷ್ಟೆಂದು ಯಾರಾದರೂ ಕೇಳಿದರೆ ಬೆರಳು ತೋರಿಸುತ್ತೇನೆ. ಇದು ಅಭ್ಯಾಸವಾಗುತ್ತದೆ.

ಮುಂದಿನ ವಾರದಿಂದ ಊರೂರಿನಲ್ಲಿ ನನ್ನ ದನಿ ಹೆಂಗಸರನ್ನು ಮಗಳೇ ಎಂದು ಕರೆಯುತ್ತದೆ, ಕೈರೋದಲ್ಲಿ ಬೇರೆ ಮಾತಿನಲ್ಲಿ ಕರೆಯುತ್ತದೆ. ನನ್ನ ಕೈಯಲ್ಲಿ ಅದನ್ನು ನಿಲ್ಲಿಸಲು ಆಗುವುದಿಲ್ಲ, ನಿನ್ನ ಕೈಯಲ್ಲೂ ಆಗಲಿಲ್ಲ.

ಫೋನ್ ಮಾಡು ಚಿಕ್ಕಮ್ಮ, ನಿನ್ನ ದನಿ ಕೇಳಬೇಕು ಎಂದು ಮೊದಲ ಕಾಗದದಲ್ಲಿ ಬರೆದಿದ್ದೆಯಲ್ಲ. ಕೇಳಬೇಕೆನಿಸಿದರೆ ಅದನ್ನು ತೆರೆದುಕೊಂಡು ಕೇಳು. ದನಿ ನಿಮ್ಮ ಹತ್ತಿರವೇ ಇದೆ. ನನ್ನ ಹತ್ತಿರ ಇನ್ನಿಲ್ಲ.

ಯಾಮ್ನಾ